ಫಿಲ್‌ಹಾರ್ಮೋನಿಯಾ ವಾದ್ಯವೃಂದ: ದಾತೃಗಳ ಕಥನ, ವಾದಕರ ಚರಿತ್ರೆ

ಸಂಗೀತ ಸಂಸ್ಥೆಯೊಂದರ ಚರಿತ್ರೆಯನ್ನು ಕಟ್ಟಲು ಹೊರಟವರ ಮುಂದೆ ಮೂರು ಬಗೆಯ ಆಕರಗಳಿರುತ್ತವೆ. ಆಡಳಿತ ಸಭೆಗಳ ನಡಾವಳಿ, ಕಾರ್ಯಕ್ರಮ ಪಟ್ಟಿ, ಪತ್ರವ್ಯವಹಾರಗಳಂಥ ಲಿಖಿತ ದಾಖಲೆಗಳು ಮೊದಲನೆಯವು. ಧ್ವನಿಮುದ್ರಿಕೆಗಳು ಎರಡನೆಯವು. ಸಂಸ್ಥೆಯ ಒಳಗೂ ಹೊರಗೂ ಬಾಯಿಂದ ಬಾಯಿಗೆ ಸಾಗಿಬಂದು, ಮುಂದೆ ಆತ್ಮಕಥೆಗಳಲ್ಲಿ, ಸ್ಮರಣ ಲೇಖನಗಳಲ್ಲಿ ನೆಲೆನಿಂತ ಕಥೆಗಳು ಮೂರನೆಯವು. ಈ ಮೂರನೆಯ ಆಕರವನ್ನು ಸಂಗೀತ ಚರಿತ್ರಕಾರರು ಬಹುಮಟ್ಟಿಗೆ ಸ್ವಾರಸ್ಯಕರ ಪ್ರಸಂಗಗಳೆಂದು ಬದಿಗಿಡುತ್ತಾರೆ, ಇಲ್ಲವೇ ವಿಚಾರಿಸದೆ ಸಂಗತಿಗಳೆಂದೇ ಸ್ವೀಕರಿಸುತ್ತಾರೆ. ಜಾನಪದ ಅಧ್ಯಯನದ ದೃಷ್ಟಿಯಲ್ಲಿ ಇವೆರಡೂ ಸರಿಯಾದ ಕ್ರಮಗಳಲ್ಲ. ಐತಿಹ್ಯವೊಂದು ನಿಜವೇ ಸುಳ್ಳೇ ಎಂಬುದರಷ್ಟೇ, ಅದನ್ನು ಯಾರು ಹೇಳುತ್ತಾರೆ, ಯಾರನ್ನು ಅದು ಮುನ್ನೆಲೆಗೆ ತರುತ್ತದೆ, ಯಾರನ್ನು ಮರೆಸುತ್ತದೆ ಎಂಬ ಪ್ರಶ್ನೆಗಳೂ ಮುಖ್ಯವಾದವು.

1945ರಲ್ಲಿ ಸ್ಥಾಪನೆಗೊಂಡ ಲಂಡನ್ ನಗರದ ಫಿಲ್‌ಹಾರ್ಮೋನಿಯಾ ಸಿಂಫನಿ ವಾದ್ಯವೃಂದವು ಇಂಥ ವಿವೇಚನೆಗೆ ತಕ್ಕ ಉದಾಹರಣೆಯಾಗಿದೆ. ಮೈಸೂರಿನ ಮಹಾರಾಜ ಜಯಚಾಮರಾಜೇಂದ್ರ ಒಡೆಯರ್ ಅವರ (1919–1974) ಆಶ್ರಯದ ಕಾರಣದಿಂದ ಈ ವಾದ್ಯವೃಂದದ ಹೆಸರು ಕನ್ನಡಿಗರಿಗೆ ಅಪರಿಚಿತವಲ್ಲ. ಅದರ ಬಗ್ಗೆ ಲಂಡನ್ನಿನಲ್ಲಿ ಒಂದು ಕಥನವೂ ಮೈಸೂರಿನಲ್ಲಿ ಇನ್ನೊಂದು ಕಥನವೂ ಪ್ರಚಲಿತವಾಗಿವೆ. ಎರಡೂ ದಾತೃಗಳ ಕಥನಗಳೇ ಆಗಿದ್ದು, ವಾದ್ಯ ನುಡಿಸಿದವರು ಎರಡರಲ್ಲಿಯೂ ಹಿನ್ನೆಲೆಗೆ ಸರಿದಿದ್ದಾರೆ. ಈ ಮರೆವಿನ ಸ್ವರೂಪವನ್ನು ಗುರುತಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಲಂಡನ್ ನಗರ ಮತ್ತು ವಾದ್ಯವೃಂದದ ಯಜಮಾನಿಕೆ

ಫಿಲ್‌ಹಾರ್ಮೋನಿಯಾದ ಚರಿತ್ರೆಯನ್ನು ಅದೊಂದನ್ನೇ ಪ್ರತ್ಯೇಕಿಸಿ ನೋಡಿದರೆ ಅದರ ಅರ್ಥ ಪೂರ್ಣವಾಗಿ ತೆರೆದುಕೊಳ್ಳುವುದಿಲ್ಲ. ಇಪ್ಪತ್ತನೆಯ ಶತಮಾನದ ಲಂಡನ್ ಹಲವು ವೃತ್ತಿಪರ ವಾದ್ಯವೃಂದಗಳ ನಗರ. ಅವುಗಳ ಹುಟ್ಟಿನಲ್ಲಿ ಯಜಮಾನಿಕೆಯ ಪ್ರಶ್ನೆ ಮತ್ತೆ ಮತ್ತೆ ಎದುರಾಗಿದೆ. ಕ್ವೀನ್ಸ್ ಹಾಲ್ ವಾದ್ಯವೃಂದದಲ್ಲಿ ವಾದಕನೊಬ್ಬನು ತಾನು ಬರಲಾಗದ ದಿನ ಬದಲಿ ವಾದಕನನ್ನು ಕಳುಹಿಸುವ ರೂಢಿಯಿತ್ತು. ನಿರ್ದೇಶಕ ಹೆನ್ರಿ ವುಡ್ ಈ ರೂಢಿಯನ್ನು ನಿಷೇಧಿಸಿದಾಗ ಅಲ್ಲಿಂದ ಹೊರಬಂದ ವಾದಕರು 1904ರಲ್ಲಿ ತಾವೇ ಸೇರಿ ಲಂಡನ್ ಸಿಂಫನಿ ಆರ್ಕೆಸ್ಟ್ರಾವನ್ನು ಕಟ್ಟಿದರು. ಔಷಧಿ ಉದ್ಯಮದಿಂದ ಶ್ರೀಮಂತವಾದ ಮನೆತನದಲ್ಲಿ ಹುಟ್ಟಿದ ಸರ್ ಥಾಮಸ್ ಬೀಚಮ್ 1932ರಲ್ಲಿ ಸ್ಥಾಪಿಸಿದ ಲಂಡನ್ ಫಿಲ್‌ಹಾರ್ಮೋನಿಕ್, 1939ರಲ್ಲಿ ಹಣದ ಆಸರೆ ತಪ್ಪಿದಾಗ ವಾದಕರ ಸ್ವಯಮಾಡಳಿತಕ್ಕೆ ಬಂದಿತು. ಅದೇ ಬೀಚಮ್ 1946ರಲ್ಲಿ ಆರಂಭಿಸಿದ ರಾಯಲ್ ಫಿಲ್‌ಹಾರ್ಮೋನಿಕ್, 1961ರಲ್ಲಿ ಅವರು ತೀರಿಕೊಂಡ ಬಳಿಕ 1963ರಲ್ಲಿ ಇದೇ ದಾರಿಯನ್ನು ಹಿಡಿಯಿತು.

ಬಿ.ಬಿ.ಸಿ.ಯು 1930ರಲ್ಲಿ ಆರಂಭಿಸಿದ ವಾದ್ಯವೃಂದದಲ್ಲಿ ವಾದಕರಿಗೆ ಮಾಸಿಕ ಸಂಬಳವಿತ್ತು. ಇತರ ವಾದ್ಯವೃಂದಗಳಲ್ಲಿ ಗಳಿಕೆಯು ನುಡಿಸಿದ ದಿನಗಳ ಲೆಕ್ಕವನ್ನು ಅವಲಂಬಿಸಿತ್ತು. ಹೀಗಾಗಿ ನಗರದ ವಾದಕನ ಬದುಕು ಕಛೇರಿಯ ವೇದಿಕೆಗಿಂತ ಹೆಚ್ಚಾಗಿ ಗ್ರಾಮಫೋನ್ ಕಂಪನಿಗಳ ಧ್ವನಿಮುದ್ರಣ ಕೊಠಡಿಯನ್ನೂ ಚಲನಚಿತ್ರಗಳ ಹಿನ್ನೆಲೆ ಸಂಗೀತವನ್ನೂ ನೆಚ್ಚಿಕೊಂಡಿತ್ತು. ಫಿಲ್‌ಹಾರ್ಮೋನಿಯಾ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ.

ಸ್ಥಾಪನೆಯ ಐತಿಹ್ಯ

ಈ ವಾದ್ಯವೃಂದದ ಸ್ಥಾಪಕ ವಾಲ್ಟರ್ ಲೆಗ್ ಸಂಗೀತಗಾರರಲ್ಲ, ಇ.ಎಂ.ಐ. ಗ್ರಾಮಫೋನ್ ಕಂಪನಿಯಲ್ಲಿ ಧ್ವನಿಮುದ್ರಣಗಳ ನಿರ್ಮಾಪಕರಾಗಿದ್ದವರು. ಯುದ್ಧಕಾಲದಲ್ಲಿ ಸೈನಿಕರಿಗಾಗಿ ಸಂಗೀತ ಕಾರ್ಯಕ್ರಮಗಳನ್ನು ಏರ್ಪಡಿಸುವ ಹೊಣೆಯನ್ನು ಹೊತ್ತಿದ್ದ ಅವರಿಗೆ ದೇಶದ ಉತ್ತಮ ವಾದಕರು ಯಾರು, ಎಲ್ಲಿದ್ದಾರೆ ಎಂಬುದು ಚೆನ್ನಾಗಿ ತಿಳಿದಿತ್ತು. ತಾವು ಮೊದಲೇ ಧ್ವನಿಮುದ್ರಣಕ್ಕಾಗಿ ರೂಪಿಸಿದ್ದ ನಾಲ್ವರು ತಂತಿವಾದ್ಯಗಾರರ ತಂಡದ ಹೆಸರನ್ನೇ ಹೊಸ ವಾದ್ಯವೃಂದಕ್ಕೂ ಇಟ್ಟರು. 1945ರ ಅಕ್ಟೋಬರ್ 27ರಂದು ಲಂಡನ್ನಿನ ಕಿಂಗ್ಸ್‌ವೇ ಹಾಲ್‌ನಲ್ಲಿ ಮೊದಲ ಕಛೇರಿ ನಡೆಯಿತು. ನಿರ್ದೇಶಿಸಿದವರು ಬೀಚಮ್.

ಈ ಮೊದಲ ಕಛೇರಿಯ ಸುತ್ತ ಒಂದು ಪ್ರಸಿದ್ಧ ಪ್ರಸಂಗವಿದೆ. ಬೀಚಮ್ ಅದಕ್ಕಾಗಿ ಸಂಭಾವನೆಯನ್ನು ಬಯಸಲಿಲ್ಲ. ಒಂದು ಒಳ್ಳೆಯ ಸಿಗಾರನ್ನಷ್ಟೇ ಕೇಳಿದರು ಎನ್ನಲಾಗುತ್ತದೆ. ವಾದ್ಯವೃಂದದ ಪರಿಚಯ ಬರಹಗಳಲ್ಲಿ ಇದು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಕಥೆಯ ಮುಂದಿನ ಭಾಗ ಅಷ್ಟು ಜನಪ್ರಿಯವಲ್ಲ. ಬೀಚಮ್ ಈ ವಾದ್ಯವೃಂದದ ಹತೋಟಿಯನ್ನು ಬಯಸಿದರು, ಲೆಗ್ ಒಪ್ಪಲಿಲ್ಲ; ಮರುವರ್ಷವೇ ಬೀಚಮ್ ತಮ್ಮದೇ ಆದ ಇನ್ನೊಂದು ವಾದ್ಯವೃಂದವನ್ನು ಕಟ್ಟಿದರು. ಆಶಯಗಳ ದೃಷ್ಟಿಯಿಂದ ನೋಡಿದರೆ ಇದು ‘ಅಲ್ಪ ಪ್ರತಿಫಲಕ್ಕೆ ಒಲಿದ ಮಹಾವ್ಯಕ್ತಿ’ ಎಂಬ ಹಳೆಯ ಆಶಯದ ಆಧುನಿಕ ರೂಪ. ಸಿಗಾರಿನ ಕಥೆ ಸುಳ್ಳೆಂದು ಇದರ ಅರ್ಥವಲ್ಲ. ಯಜಮಾನಿಕೆಗಾಗಿ ನಡೆದ ಜಗ್ಗಾಟವನ್ನು ಹಿಂದಕ್ಕೆ ತಳ್ಳಿ, ಔದಾರ್ಯವನ್ನು ಮುಂದಕ್ಕೆ ತರುವ ಕೆಲಸವನ್ನು ಅದು ಮಾಡುತ್ತದೆ ಎಂಬುದಷ್ಟೇ ಇಲ್ಲಿ ಗಮನಾರ್ಹ.

ಅಂದು ವೇದಿಕೆಯ ಮೇಲೆ ಕುಳಿತಿದ್ದವರ ವಿಷಯದಲ್ಲಿ ಐತಿಹ್ಯ ಮೌನವಾಗಿದೆ. ಯುದ್ಧ ಮುಗಿದು ಕೆಲವೇ ವಾರಗಳಾಗಿದ್ದವು. ಆ ವಾದಕರಲ್ಲಿ ಅನೇಕರಿಗೆ ಸೇನಾಸೇವೆಯಿಂದ ಇನ್ನೂ ಬಿಡುಗಡೆಯಾಗಿರಲಿಲ್ಲ. ಹಾರ್ನ್ ವಾದಕ ಡೆನ್ನಿಸ್ ಬ್ರೇನ್ ಯುದ್ಧಕಾಲವನ್ನು ವಾಯುಪಡೆಯ ಬ್ಯಾಂಡಿನಲ್ಲಿ ಕಳೆದಿದ್ದರು. ಲೆಗ್ ಸ್ಥಾಪಿಸಿದರು ಎಂಬ ವಾಕ್ಯದೊಳಗೆ ಈ ಸಂಗತಿ ಅಡಗಿದೆ: ಶ್ರೇಷ್ಠ ವಾದಕರು ಒಂದೇ ಕಡೆ ದೊರೆಯುವಂಥ ಸ್ಥಿತಿಯನ್ನು ಯುದ್ಧ ನಿರ್ಮಿಸಿತ್ತು, ಲೆಗ್ ಅದನ್ನು ಬಲ್ಲವರಾಗಿದ್ದರು. ಆಯ್ಕೆಯ ಜಾಣ್ಮೆ ಅವರದು. ಆಯ್ಕೆಗೆ ಒದಗಿದ ವಿದ್ಯೆ ವಾದಕರು ವರ್ಷಗಟ್ಟಲೆ ಗಳಿಸಿಟ್ಟುಕೊಂಡಿದ್ದದು.

ಒಬ್ಬನೇ ನಿರ್ದೇಶಕನ ಮುದ್ರೆ ಬೀಳದ, ಕೃತಿಗೆ ತಕ್ಕಂತೆ ತನ್ನ ನಾದವನ್ನು ಮಾರ್ಪಡಿಸಿಕೊಳ್ಳಬಲ್ಲ ವಾದ್ಯವೃಂದ ಬೇಕೆಂಬುದು ಲೆಗ್ ಅವರ ನಿಲುವಾಗಿತ್ತು. ಹರ್ಬರ್ಟ್ ಫಾನ್ ಕರಾಯನ್, ವಿಲ್ಹೆಲ್ಮ್ ಫುರ್ಟ್‌ವೆಂಗ್ಲರ್, ಆಟೊ ಕ್ಲೆಂಪರರ್ ಮೊದಲಾದವರು ಅದನ್ನು ನಿರ್ದೇಶಿಸಿದರು. 1952ರಲ್ಲಿ ವೃದ್ಧ ಆರ್ಟುರೊ ಟೊಸ್ಕನಿನಿ ಲಂಡನ್ನಿಗೆ ಬಂದು ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಬ್ರಾಮ್ಸ್‌ನ ನಾಲ್ಕೂ ಸಿಂಫನಿಗಳನ್ನು ಎರಡು ಕಛೇರಿಗಳಲ್ಲಿ ಇದೇ ವಾದಕರಿಂದ ನುಡಿಸಿದರು. ಹತ್ತು ವರ್ಷ ತುಂಬುವ ಮೊದಲೇ ಫಿಲ್‌ಹಾರ್ಮೋನಿಯಾ ಯುರೋಪಿನ ಅಗ್ರಪಂಕ್ತಿಯಲ್ಲಿ ನಿಂತಿತು. ಈ ಘಟ್ಟದ ಚರಿತ್ರೆಯನ್ನು ನಿರ್ದೇಶಕರ ಹೆಸರುಗಳ ಸರಣಿಯಾಗಿ ಹೇಳುವುದು ವಾಡಿಕೆ. ಆದರೆ ಇಷ್ಟು ಭಿನ್ನ ಮನೋಧರ್ಮದ ನಿರ್ದೇಶಕರಿಗೆಲ್ಲ ಒಂದೇ ವೃಂದ ಓಗೊಟ್ಟಿತು ಎಂದಾದರೆ, ಅವರ ನಡುವಿನ ಸಮಾನ ಅಂಶ ಯಾವುದು ಎಂಬ ಪ್ರಶ್ನೆ ಏಳಬೇಕು. ಬ್ರೇನ್, ಕೊಳಲಿನ ಗ್ಯಾರೆತ್ ಮಾರಿಸ್, ಓಬೋ ವಾದ್ಯದ ಸಿಡ್ನಿ ಸಟ್‌ಕ್ಲಿಫ್, ಕ್ಲ್ಯಾರಿನೆಟ್ಟಿನ ಬರ್ನಾರ್ಡ್ ವಾಲ್ಟನ್ ಮೊದಲಾದವರ ಹೆಸರುಗಳು ಈ ಪ್ರಶ್ನೆಯ ಉತ್ತರದ ಭಾಗಗಳು. 1957ರ ಸೆಪ್ಟೆಂಬರ್ 1ರಂದು ಎಡಿನ್‌ಬರೊದಿಂದ ಕಾರಿನಲ್ಲಿ ಮರಳುತ್ತಿದ್ದ ಬ್ರೇನ್ ಅಪಘಾತದಲ್ಲಿ ತೀರಿಕೊಂಡರು. ಸಾಮಾನ್ಯ ಕೇಳುಗರ ನೆನಪಿನಲ್ಲಿ ಸ್ಥಾಯಿಯಾಗಿ ಉಳಿದ ವಾದಕ ಬಹುಮಟ್ಟಿಗೆ ಅವರೊಬ್ಬರೇ. ವಾದಕನೊಬ್ಬ ಐತಿಹ್ಯವನ್ನು ಪ್ರವೇಶಿಸಲು ಅಕಾಲಮರಣವೇ ಬೇಕಾಯಿತು ಎಂಬುದು ದಾತೃಕಥನದ ಸ್ವರೂಪವನ್ನು ಸೂಚಿಸುತ್ತದೆ.

ಲಂಡನ್ನಿನ ಪಾಠ, ಮೈಸೂರಿನ ಪಾಠ

ಮೈಸೂರಿನ ಸಂಬಂಧವನ್ನು ಕುರಿತ ಎರಡು ಪಾಠಗಳನ್ನು ಹೋಲಿಸುವುದು ಉಪಯುಕ್ತ. ಲಂಡನ್ನಿನ ಪಾಠಕ್ಕೆ ಆಕರ ಸ್ವತಃ ಲೆಗ್. ಅವರು 1979ರಲ್ಲಿ ನಿಧನರಾದ ನಂತರ, ಪತ್ನಿ ಹಾಗೂ ಪ್ರಸಿದ್ಧ ಗಾಯಕಿ ಎಲಿಸಬೆತ್ ಶ್ವಾರ್ಟ್ಸ್‌ಕಾಫ್ ಸಂಪಾದಿಸಿ 1982ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೈಸೂರು ಭೇಟಿಯ ನಿರೂಪಣೆ ಬರುತ್ತದೆ. ಅದರ ಪ್ರಕಾರ, ಲೆಗ್ ಮೈಸೂರಿಗೆ ಬಂದಾಗ ಕಂಡದ್ದು ಇನ್ನೂ ಮೂವತ್ತು ತುಂಬದ ಮಹಾರಾಜರು, ಅರಮನೆಯಲ್ಲಿ ಗಂಭೀರ ಸಂಗೀತದ ಧ್ವನಿಮುದ್ರಿಕೆಗಳ ಬೃಹತ್ ಸಂಗ್ರಹ, ಬಗೆಬಗೆಯ ಧ್ವನಿವರ್ಧಕಗಳು, ಕಛೇರಿಗೆ ಬಳಸುವಂಥ ದೊಡ್ಡ ಪಿಯಾನೊಗಳು. ಅಲ್ಲಿ ಮೂರು ವರ್ಷಗಳ ಕಾಲ ವರ್ಷಕ್ಕೆ 10,000 ಪೌಂಡುಗಳ ನೆರವು ನಿಗದಿಯಾಯಿತು. ಮಹಾರಾಜರು ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು.

ಈ ನಿರೂಪಣೆಯ ಬಂಧವನ್ನು ಗಮನಿಸಬೇಕು. ಕಷ್ಟದಲ್ಲಿರುವ ನಾಯಕ, ದೂರದ ಶ್ರೀಮಂತ ರಾಜ್ಯ, ಅಚ್ಚರಿಯ ಭಂಡಾರ, ಕೇಳಿದ್ದಕ್ಕಿಂತ ಹೆಚ್ಚು ಕೊಡುವ ತರುಣ ರಾಜ, ಫಲದೊಂದಿಗೆ ಮರಳುವ ನಾಯಕ: ಇದು ಅದ್ಭುತ ಕಥೆಗಳ ಬಂಧವೇ ಆಗಿದೆ. ಇದರಲ್ಲಿ ಮೈಸೂರು ಒಂದು ಸ್ಥಳವಲ್ಲ, ಒಂದು ಕಥಾಘಟಕ. ಆ ಅರಮನೆಗೆ ತನ್ನದೇ ಆದ ಸಂಗೀತ ಜೀವನವಿತ್ತು, ಕರ್ನಾಟಕ ಸಂಗೀತದ ವಿದ್ವಾಂಸರಿದ್ದರು, ಅರಮನೆಗೆ ಸೇರಿದ ವಾದ್ಯವೃಂದಗಳಿದ್ದವು, ಮಹಾರಾಜರು ಸ್ವತಃ ವಾಗ್ಗೇಯಕಾರರಾಗಿದ್ದರು ಎಂಬ ಯಾವ ಸಂಗತಿಯೂ ಕಥೆಯ ಓಟಕ್ಕೆ ಅಗತ್ಯವಿಲ್ಲ.

ಮೈಸೂರಿನ ಪಾಠ ಇದಕ್ಕಿಂತ ಭಿನ್ನವಾದ ಸ್ಥಳದಿಂದ ತೊಡಗುತ್ತದೆ. ಪಿಯಾನೊ ವಾದಕರಾಗಬೇಕೆಂಬ ಹಂಬಲವಿದ್ದ ರಾಜಕುಮಾರ, 1940ರಲ್ಲಿ ಕೆಲವೇ ತಿಂಗಳ ಅಂತರದಲ್ಲಿ ತಂದೆಯನ್ನೂ ದೊಡ್ಡಪ್ಪ ನಾಲ್ವಡಿ ಕೃಷ್ಣರಾಜ ಒಡೆಯರನ್ನೂ ಕಳೆದುಕೊಂಡು ಸಿಂಹಾಸನವೇರಿದರು. ನುಡಿಸಲಾಗದ ಸಂಗೀತವನ್ನು ಪೋಷಿಸಿದರು ಎಂಬುದು ಅದರ ತಿರುಳು. ಇಲ್ಲಿ ಪೋಷಣೆಯು ತ್ಯಾಗದ ಮರುರೂಪವಾಗುತ್ತದೆ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ, ಶ್ರೀವಿದ್ಯಾ ಮುದ್ರಿಕೆಯ 94 ಕರ್ನಾಟಕ ಕೃತಿಗಳು ಈ ಪಾಠಕ್ಕೆ ಬಲ ಕೊಡುತ್ತವೆ. ಆದರೆ ಇದೇ ಪಾಠ ಬೆಳೆಯುತ್ತ ಹೋಗಿ, ವಾದ್ಯವೃಂದವೇ ಮೈಸೂರಿನ ಕೊಡುಗೆ ಎನ್ನುವಲ್ಲಿಗೆ ಮುಟ್ಟಿದರೆ ಅದು ಚರಿತ್ರೆಗೆ ಹೊಂದುವುದಿಲ್ಲ. ವಾದ್ಯವೃಂದ 1945ರಲ್ಲಿಯೇ ನೆಲೆಗೊಂಡಿತ್ತು. ಮೈಸೂರಿನ ನೆರವು ಅದರ ಕಛೇರಿಗಳನ್ನು ಭದ್ರಪಡಿಸಿತು, ಕೆಲವು ಧ್ವನಿಮುದ್ರಣಗಳನ್ನು ಸಾಧ್ಯವಾಗಿಸಿತು. ಇದು ಸಣ್ಣ ಸಂಗತಿಯಲ್ಲ. ಹಿಗ್ಗಿಸಿ ಹೇಳುವ ಅಗತ್ಯವೂ ಇಲ್ಲ.

ಈ ನೆರವಿನ ನಿಜವಾದ ಮಹತ್ವ ಎರಡು ನಿದರ್ಶನಗಳಲ್ಲಿ ಸ್ಪಷ್ಟವಾಗುತ್ತದೆ. ಮೊದಲನೆಯದು ನಿಕೊಲಾಯ್ ಮೆಟ್ನರ್ ಅವರದು. 1880ರಲ್ಲಿ ಮಾಸ್ಕೋದಲ್ಲಿ ಹುಟ್ಟಿ, 1935ರಿಂದ ಲಂಡನ್ನಿನಲ್ಲಿ ನೆಲೆಸಿದ್ದ ಈ ರಷ್ಯನ್ ರಚನಕಾರರು ಮಾರುಕಟ್ಟೆಯ ಗಮನದಿಂದ ದೂರ ಉಳಿದಿದ್ದರು. ಮಹಾರಾಜರ ಧನಸಹಾಯದಿಂದ ಅವರ ಕೃತಿಗಳು ಧ್ವನಿಮುದ್ರಣಗೊಂಡವು; ಪಿಯಾನೊ ಕನ್ಸರ್ಟೊಗಳಲ್ಲಿ ಸ್ವತಃ ಮೆಟ್ನರ್ ಪಿಯಾನೊ ನುಡಿಸಿದರು, ಫಿಲ್‌ಹಾರ್ಮೋನಿಯಾ ಜೊತೆಗೂಡಿತು. ತಮ್ಮ ಮೂರನೆಯ ಕನ್ಸರ್ಟೊವನ್ನು ಅವರು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ತೀರಿಕೊಂಡರು. ಮುದ್ರಣ ತಡವಾಗಿದ್ದಲ್ಲಿ ರಚನಕಾರನದೇ ಕೈಯ ನಾದ ಉಳಿಯುತ್ತಿರಲಿಲ್ಲ.

ಎರಡನೆಯದು ರಿಚರ್ಡ್ ಸ್ಟ್ರಾಸ್ ಅವರ ‘ಕೊನೆಯ ನಾಲ್ಕು ಹಾಡುಗಳು’. 1948ರಲ್ಲಿ ರಚಿತವಾದ ಈ ಕೃತಿಯ ಪ್ರದರ್ಶನವನ್ನು ಕಾಣದೆಯೇ 1949ರ ಸೆಪ್ಟೆಂಬರಿನಲ್ಲಿ ಸ್ಟ್ರಾಸ್ ನಿಧನರಾದರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಹಾಡಿ, ಫುರ್ಟ್‌ವೆಂಗ್ಲರ್ ನಿರ್ದೇಶಿಸಿ, ಫಿಲ್‌ಹಾರ್ಮೋನಿಯಾ ನುಡಿಸಿದಾಗ ಅದು ಮೊದಲ ಬಾರಿಗೆ ಕೇಳಿಸಿತು. ಈ ಪ್ರದರ್ಶನಕ್ಕೆ ಆರ್ಥಿಕ ಭರವಸೆ ನೀಡಿದವರು ಮಹಾರಾಜರು. ಆದರೆ ಅವರು ಸಭೆಯಲ್ಲಿರಲಿಲ್ಲ. ಮೊದಲ ಪ್ರದರ್ಶನದ ನಾದವನ್ನು ಹಿಡಿದಿಟ್ಟ ಧ್ವನಿಮುದ್ರಣವು ಮುಂದಿನ ತಲೆಮಾರುಗಳಿಗೆ ದೊರೆತದ್ದು ದೂರದಲ್ಲಿದ್ದ ಈ ಕೇಳುಗನಿಗೂ ಸಲ್ಲಬೇಕಾದ ಋಣ. ಎದುರಿಗೆ ಕುಳಿತು ಕೇಳುವ ಆಸ್ಥಾನದ ಪೋಷಣೆ ಇಲ್ಲಿ ತಟ್ಟೆಯ ಮೂಲಕ ಕೇಳುವ ಪೋಷಣೆಯಾಗಿ ಮಾರ್ಪಟ್ಟಿದೆ.

ಕಾಲಸಂದರ್ಭವನ್ನು ಮರೆಯುವಂತಿಲ್ಲ. 1947ರ ಸೆಪ್ಟೆಂಬರ್–ಅಕ್ಟೋಬರ್ ತಿಂಗಳುಗಳಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ಚಳವಳಿ ನಡೆಯಿತು, ಕೆ.ಸಿ. ರೆಡ್ಡಿ ಅವರ ನೇತೃತ್ವದ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. 1950ರ ಜನವರಿ 26ರ ಹೊತ್ತಿಗೆ ಮಹಾರಾಜರು ರಾಜಪ್ರಮುಖರಾಗಿದ್ದರು. ಲಂಡನ್ನಿನ ವಾದ್ಯವೃಂದಕ್ಕೆ ಸಂದ ಆಶ್ರಯವು ಹೀಗೆ ಅರಸೊತ್ತಿಗೆಯ ಆಳ್ವಿಕೆ ಮುಗಿಯುವ ಹೊತ್ತಿನ ಆಶ್ರಯ. ಅರಮನೆಯ ದಾನದ ಹಿಂದೆ ನಾಡಿನ ಜನರ ದುಡಿಮೆಯೂ ಇರುತ್ತದೆ ಎಂಬುದನ್ನು ಲಂಡನ್ನಿನ ಅದ್ಭುತ ಕಥೆ ಅರಿಯದು. ಮೈಸೂರಿನ ತ್ಯಾಗಕಥೆ ಅದನ್ನು ಮಾತಿಗೆ ತರದು.

1964ರ ಮಾರ್ಚ್

ದಾತೃಕಥನದ ಮಿತಿ ಬಯಲಾಗುವ ಘಟ್ಟ 1964ರದು. ಇ.ಎಂ.ಐ. ಕಂಪನಿಯೊಂದಿಗಿನ ಲೆಗ್ ಅವರ ಸಂಬಂಧ ಅಷ್ಟರಲ್ಲಿ ಕೊನೆಗೊಳ್ಳುತ್ತಿತ್ತು. ಆ ವರ್ಷ ಮಾರ್ಚ್ 10ರಂದು ಅವರು ಫಿಲ್‌ಹಾರ್ಮೋನಿಯಾದ ಚಟುವಟಿಕೆಯನ್ನು ಅನಿರ್ದಿಷ್ಟ ಕಾಲದವರೆಗೆ ನಿಲ್ಲಿಸುವುದಾಗಿ ಪ್ರಕಟಿಸಿದರು. ಸ್ಥಾಪಕನ ದೃಷ್ಟಿಯಲ್ಲಿ ಇದು ಸಮರ್ಥನೀಯವೇ ಆಗಿದ್ದಿರಬಹುದು: ಗುಣಮಟ್ಟ ಕುಸಿಯುವುದಕ್ಕಿಂತ ಮುಚ್ಚುವುದು ಮೇಲು ಎಂಬ ವಾದ ಅದರ ಹಿಂದಿದೆ. ಆದರೆ ಈ ವಾದದೊಳಗೆ ಒಂದು ಗ್ರಹಿಕೆ ಅಡಗಿದೆ. ಕಟ್ಟಿದವನಿಗೆ ಕೆಡವುವ ಹಕ್ಕೂ ಇದೆ. ವಾದ್ಯವೃಂದವೆಂದರೆ ಸ್ಥಾಪಕನ ಕೃತಿ. ವಾದಕರು ಆ ಕೃತಿಯ ಸಾಮಗ್ರಿ ಎಂಬುದೇ ಆ ಗ್ರಹಿಕೆ.

ವಾದಕರು ಇದನ್ನು ಒಪ್ಪಲಿಲ್ಲ. ಒಂದೇ ವಾರದಲ್ಲಿ, ಮಾರ್ಚ್ 17ರಂದು ಸಭೆ ಸೇರಿ ತಮ್ಮದೇ ಆಡಳಿತ ಮಂಡಳಿಯನ್ನು ಆರಿಸಿಕೊಂಡರು. 1959ರಿಂದ ಪ್ರಧಾನ ನಿರ್ದೇಶಕರಾಗಿದ್ದ ಕ್ಲೆಂಪರರ್ ಅವರ ಬೆಂಬಲಕ್ಕೆ ನಿಂತರು. ಹೆಸರಿನ ಹಕ್ಕು ತಮ್ಮದಲ್ಲದ ಕಾರಣ ‘ನ್ಯೂ ಫಿಲ್‌ಹಾರ್ಮೋನಿಯಾ’ ಎಂದು ಕರೆದುಕೊಳ್ಳಬೇಕಾಯಿತು. 1964ರ ಅಕ್ಟೋಬರ್ 27ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಕ್ಲೆಂಪರರ್ ನಿರ್ದೇಶನದಲ್ಲಿ ಬೇಥೋವನ್‌ನ ಒಂಬತ್ತನೆಯ ಸಿಂಫನಿಯೊಂದಿಗೆ ಅವರು ಹೊಸ ಹೆಸರಿನಲ್ಲಿ ಕಾಣಿಸಿಕೊಂಡರು. 19 ವರ್ಷಗಳ ಹಿಂದೆ ಮೊದಲ ಕಛೇರಿ ನಡೆದದ್ದೂ ಅಕ್ಟೋಬರ್ 27ರಂದೇ. ದಿನಾಂಕಗಳ ಈ ಹೊಂದಿಕೆಯು ‘ಹೊಸದು’ ಎಂಬ ಹೆಸರು ಹೇಳಲಾರದ್ದನ್ನು ಹೇಳುತ್ತದೆ: ಸಂಸ್ಥೆ ಬದಲಾಗಿಲ್ಲ, ಯಜಮಾನಿಕೆ ಬದಲಾಗಿದೆ. ಹಳೆಯ ಹೆಸರು ಮರಳಿ ದೊರೆತದ್ದು 1977ರಲ್ಲಿ.

ಹೆಸರಿಲ್ಲದೆ ಕಳೆದ ಈ 13 ವರ್ಷಗಳನ್ನು ಚರಿತ್ರೆಗಳು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ದಾಟುತ್ತವೆ. ಆದರೆ ವಾದ್ಯವೃಂದ ಎಂದರೇನು ಎಂಬ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಹೆಸರು ಸ್ಥಾಪಕನ ಬಳಿ ಉಳಿಯಿತು, ನಾದ ವಾದಕರ ಬಳಿ ಉಳಿಯಿತು. ಕೇಳುಗರು ನಾದವನ್ನು ಹಿಂಬಾಲಿಸಿದರು. ಒಟ್ಟಿಗೆ ಉಸಿರೆಳೆಯುವುದು, ಪಕ್ಕದವನ ಬಿಲ್ಲಿನ ಚಲನೆಗೆ ಕಾಯುವುದು, ಹಿರಿಯ ವಾದಕನ ಪದ್ಧತಿಯನ್ನು ಕಿರಿಯನು ಪಕ್ಕದಲ್ಲಿ ಕುಳಿತೇ ಕಲಿಯುವುದು: ಇವು ಸ್ವರಲಿಪಿಯಲ್ಲಿ ಇಲ್ಲ. ಸಂಪೂರ್ಣ ಲಿಖಿತವೆಂದು ತೋರುವ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವೂ ಈ ಅಂಶದಲ್ಲಿ ಮೌಖಿಕ ಪರಂಪರೆಯೇ ಆಗಿದೆ. ಮೌಖಿಕ ಪರಂಪರೆಯನ್ನು ಪ್ರಕಟಣೆಯೊಂದರ ಮೂಲಕ ನಿಲ್ಲಿಸಲಾಗುವುದಿಲ್ಲ.

ಸ್ವಯಮಾಡಳಿತವನ್ನು ಆದರ್ಶೀಕರಿಸುವುದೂ ತಪ್ಪಾಗುತ್ತದೆ. ಲೆಗ್ ಅವರ ಕಟ್ಟುನಿಟ್ಟಿನ ಕಿವಿ, ಧ್ವನಿಮುದ್ರಣದ ನಿರಂತರ ಅವಕಾಶಗಳು ಇಲ್ಲದಿದ್ದರೆ ಆ ಗುಣಮಟ್ಟ ರೂಪುಗೊಳ್ಳುತ್ತಿರಲಿಲ್ಲ. ಯಜಮಾನನಿಲ್ಲದ ವಾದಕರು ತಮ್ಮ ಸ್ವಾತಂತ್ರ್ಯದ ಬೆಲೆಯನ್ನು ಅಭದ್ರತೆಯ ರೂಪದಲ್ಲಿ ತೆತ್ತರು. ಲಂಡನ್ನಿನ ಸ್ವಯಮಾಡಳಿತದ ವಾದ್ಯವೃಂದಗಳ ಸದಸ್ಯರು ತಿಂಗಳ ಸಂಬಳದ ನೌಕರರಲ್ಲ. ನುಡಿಸಿದ್ದಕ್ಕೆ ಹಣ ಪಡೆಯುವ ಸ್ವತಂತ್ರ ವೃತ್ತಿಗರು. ದಾತೃ ಹೋದ ಮಾತ್ರಕ್ಕೆ ದಾನದ ಅಗತ್ಯ ಹೋಗಲಿಲ್ಲ. ಅದು ಸಾರ್ವಜನಿಕ ಅನುದಾನ, ಟಿಕೆಟು, ಧ್ವನಿಮುದ್ರಣ, ಚಲನಚಿತ್ರಗಳ ನಡುವೆ ಹಂಚಿಹೋಯಿತು. ಇಷ್ಟಾದರೂ ಸಂಸ್ಥೆ ಬಾಳಿತು. ರಿಕಾರ್ಡೊ ಮುಟಿ, ಜುಸೆಪ್ಪೆ ಸಿನೊಪೊಲಿ, ಕ್ರಿಸ್ಟೊಫ್ ಫಾನ್ ಡೊನಾನಿ, ಎಸಾ–ಪೆಕ್ಕಾ ಸಲೊನೆನ್ ಕ್ರಮವಾಗಿ ಅದರ ಪ್ರಧಾನ ನಿರ್ದೇಶಕರಾದರು. 2021ರಲ್ಲಿ ಸಾಂಟು–ಮಟಿಯಾಸ್ ರೌವಾಲಿ ಆ ಸ್ಥಾನಕ್ಕೆ ಬಂದರು. 1945ರಿಂದ 1964ರವರೆಗಿನ ಸ್ಥಾಪಕನ ಕಾಲ 19 ವರ್ಷಗಳದು. ವಾದಕರ ಆಡಳಿತದ ಕಾಲ ಅದರ ಮೂರು ಪಟ್ಟನ್ನು ಮೀರಿದೆ. ಆದರೂ ‘ಸುವರ್ಣಯುಗ’ ಎಂಬ ಮಾತು ಮೊದಲಿನ 19 ವರ್ಷಗಳಿಗೇ ಅಂಟಿಕೊಂಡಿದೆ.

ಇನ್ನೊಂದು ಅರಮನೆಯ ವಾದಕರು

ಫಿಲ್‌ಹಾರ್ಮೋನಿಯಾದ ಚರಿತ್ರೆ ಮೈಸೂರಿನತ್ತ ತಿರುಗಿ ನೋಡುವಂತೆಯೂ ಪ್ರೇರೇಪಿಸುತ್ತದೆ. ಮೈಸೂರು ಅರಮನೆಗೆ ಕರ್ನಾಟಕ ಸಂಗೀತದ ಮತ್ತು ಪಾಶ್ಚಾತ್ಯ ಸಂಗೀತದ ತನ್ನವೇ ವಾದ್ಯವೃಂದಗಳಿದ್ದವು. ಪಾಶ್ಚಾತ್ಯ ವಿಭಾಗಕ್ಕೆ ಜರ್ಮನಿಯ ಆಟೊ ಶ್ಮಿಟ್ ನಿರ್ದೇಶಕರಾಗಿದ್ದರು. ಕರ್ನಾಟಕ ಸಂಗೀತದ ವೃಂದದಲ್ಲಿ ವೈಣಿಕ ವೆಂಕಟಗಿರಿಯಪ್ಪನವರ ಪಾತ್ರ ದೊಡ್ಡದು. ಅರಮನೆಯ ಆಶ್ರಯ ಮುಗಿದ ನಂತರ ಈ ಬ್ಯಾಂಡುಗಳ ಪರಂಪರೆ ಪೊಲೀಸ್ ಇಲಾಖೆಯ ವಾದ್ಯವೃಂದದಲ್ಲಿ ಮುಂದುವರಿಯಿತು. ಲಂಡನ್ನಿನಲ್ಲಿ ದಾತೃ ತೆರವು ಮಾಡಿದ ಜಾಗವನ್ನು ವಾದಕರು ತುಂಬಿದರು. ಮೈಸೂರಿನಲ್ಲಿ ಸರ್ಕಾರ ತುಂಬಿತು. ಒಂದೆಡೆ ಅಭದ್ರತೆಯ ಜೊತೆಗೆ ಸ್ವಾತಂತ್ರ್ಯ, ಇನ್ನೊಂದೆಡೆ ಸಮವಸ್ತ್ರದ ಜೊತೆಗೆ ಸಂಬಳ. ಎರಡೂ ಕಡೆ ನಾದವನ್ನು ಮುಂದಕ್ಕೆ ಒಯ್ದವರು ವಾದಕರೇ.

ಮಹಾರಾಜರು ದೂರದ ಲಂಡನ್ನಿನ ವಾದ್ಯವೃಂದಕ್ಕೆ ನೀಡಿದ ಆಶ್ರಯದ ಬಗ್ಗೆ ಬರೆಯುವಾಗ ತೋರುವ ಉತ್ಸಾಹ, ಅವರದೇ ಅರಮನೆಯಲ್ಲಿ ನುಡಿಸಿದವರ ಹೆಸರು, ಕುಲ, ಕಲಿಕೆ, ಗಳಿಕೆಗಳನ್ನು ದಾಖಲಿಸುವಲ್ಲಿ ಕಾಣುವುದಿಲ್ಲ. ಪ್ರಸಿದ್ಧ ಆಸ್ಥಾನ ವಿದ್ವಾಂಸರ ಜೀವನಚರಿತ್ರೆಗಳಿವೆ. ವೃಂದದ ಮೂರನೆಯ ಸಾಲಿನಲ್ಲಿ ಕುಳಿತು ಪಿಟೀಲು, ಕ್ಲ್ಯಾರಿಯೊನೆಟ್ ನುಡಿಸಿದವರ ನೆನಪುಗಳು ಅವರ ಮನೆತನಗಳಲ್ಲಿ ಮಾತ್ರ ಉಳಿದಿರುತ್ತವೆ, ಮೊಮ್ಮಕ್ಕಳ ತಲೆಮಾರು ಕಳೆದರೆ ಅವೂ ಉಳಿಯುವುದಿಲ್ಲ. ಇಂಥ ನೆನಪುಗಳ ಕ್ಷೇತ್ರಕಾರ್ಯವು ಸಂಗೀತಶಾಸ್ತ್ರಕ್ಕಿಂತ ಮೊದಲು ಜಾನಪದ ಅಧ್ಯಯನಕ್ಕೆ ಸೇರಿದ ಕೆಲಸ.

ಫಿಲ್‌ಹಾರ್ಮೋನಿಯಾದ ನಿದರ್ಶನದಿಂದ ಹೊರಡುವ ತೀರ್ಮಾನ ಇಷ್ಟು. ಸ್ಥಾಪಕ, ಪೋಷಕ, ನಿರ್ದೇಶಕರ ಕಥನಗಳನ್ನು ಅಲ್ಲಗಳೆಯಬೇಕಾಗಿಲ್ಲ. ಅವುಗಳನ್ನು ಐತಿಹ್ಯಗಳೆಂದು ಗುರುತಿಸಿ ಓದಬೇಕು. ಲೆಗ್ ಇಲ್ಲದೆ ಆ ವಾದ್ಯವೃಂದ ಹುಟ್ಟುತ್ತಿರಲಿಲ್ಲ, ಮೈಸೂರಿನ ನೆರವಿಲ್ಲದೆ ಅದರ ಕೆಲವು ಅಮೂಲ್ಯ ನಾದಗಳು ಉಳಿಯುತ್ತಿರಲಿಲ್ಲ. ಆದರೆ ಹುಟ್ಟು ಮತ್ತು ಉಳಿವು ಒಂದೇ ಅಲ್ಲ. 1964ರ ಮಾರ್ಚ್ 10 ಮತ್ತು 17ರ ನಡುವಿನ ಏಳು ದಿನಗಳಲ್ಲಿ ವಾದಕರ ಬಳಿ ಹೆಸರಿರಲಿಲ್ಲ, ಹಣವಿರಲಿಲ್ಲ, ಯಜಮಾನನಿರಲಿಲ್ಲ. ಒಟ್ಟಿಗೆ ನುಡಿಸುವ ಅಭ್ಯಾಸವೊಂದಿತ್ತು. ಫಿಲ್‌ಹಾರ್ಮೋನಿಯಾದ ಚರಿತ್ರೆಯನ್ನು ಆ ಅಭ್ಯಾಸದಿಂದ ತೊಡಗಿಸಿ ಬರೆದಾಗ ಸ್ಥಾಪಕನಿಗೂ ಪೋಷಕನಿಗೂ ಅದರಲ್ಲಿ ತಕ್ಕ ಸ್ಥಾನ ದೊರೆಯುತ್ತದೆ. ದಾತೃಗಳಿಂದ ತೊಡಗಿಸಿ ಬರೆದ ಚರಿತ್ರೆಯಲ್ಲಿ ವಾದಕರಿಗೆ ಅಂಥ ಸ್ಥಾನ ಈವರೆಗೆ ದೊರೆತಿಲ್ಲ.